ಎಂ.ಆರ್.ಐ. ಒಳಗೆ ನಾನು, ಕಾಲ ಬಳಿ ಅಕ್ಕ

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಿದ್ದೆ. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಅಕ್ಕ ಒಮ್ಮೆಲೇ ಚೀರಿದಳು.

"ಶಾಂತಾ, ಕೈ ಸುಡಾಕತ್ತೇತಲ್ಲ! ಖಬರ್ ಇಲ್ಲೇನು ನಿನಗ?"

ನೋಡಿಕೊಂಡೆ. ಬಲಗೈಯ ಎರಡು ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

ನನಗೆ ಗೊತ್ತೇ ಆಗಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಹುಬ್ಬಳ್ಳಿಯ ಕಮರಿಪೇಟೆಯ ಮನೆಯಲ್ಲಿ ನಾವಿಬ್ಬರೂ ಕೂಡಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಬಲಗೈ ಹೋದರೆ ದುಡಿಮೆ ಹೋಯಿತು, ಅದು ಸರಿ. ಆದರೆ ರೊಟ್ಟಿ ಬಡಿಯದ ಶಾಂತಾ ಹೇಗಿರುತ್ತಾಳೆ ಎಂಬುದು ನನಗೇ ಗೊತ್ತಿರಲಿಲ್ಲ. ಹೆದರಿಕೆ ಶುರುವಾದದ್ದು ಅಲ್ಲಿಂದ.

ಡಾಕ್ಟರು ಬೆರಳುಗಳನ್ನು ಸೂಜಿಯಿಂದ ಚುಚ್ಚಿ ನೋಡಿದರು.

"ಕುತ್ತಿಗ್ಯಾಗ ನರ ಎಲ್ಲೋ ಒತ್ತಿದಂಗ ಐತ್ರಿ. ಎಂ.ಆರ್.ಐ. ಮಾಡಸ್ರಿ."

"ಗಡ್ಡಿ ಗಿಡ್ಡಿ ಇರಬಹುದೇನ್ರಿ?" ಎಂದು ಕೇಳಿದೆ.

"ನೋಡದ ಏನೂ ಹೇಳಾಕ ಬರೂದಿಲ್ರಿ."

ಅವರು ಸರಿಯಾಗಿಯೇ ಹೇಳಿದ್ದರು. ನನ್ನ ಮನಸ್ಸು ಮಾತ್ರ ನೋಡುವ ಮೊದಲೇ ಎಲ್ಲವನ್ನೂ ನೋಡಿ ಮುಗಿಸಿತ್ತು. ಗಡ್ಡೆಯ ಭಯ ಒಂದು ಕಡೆ, ಅದಕ್ಕಿಂತ ದೊಡ್ಡದು ಕೊಳವೆಯಂಥ ಆ ಯಂತ್ರದೊಳಗೆ ಹೋಗುವ ಭಯ. ಚಳಿಗಾಲದಲ್ಲೂ ಮುಖದ ಮೇಲೆ ಕೌದಿ ಎಳೆದುಕೊಳ್ಳದವಳು ನಾನು. ಓಣಿಯವರೆಲ್ಲ ಬಂದು ಧೈರ್ಯ ಹೇಳಿದರು. ಏನೂ ಆಗುವುದಿಲ್ಲ, ಸುಮ್ಮನೆ ಮಲಗುವುದಷ್ಟೇ ಅಂದರು. ಅವರಲ್ಲಿ ಒಬ್ಬರೂ ಅದರೊಳಗೆ ಹೋಗಿ ಬಂದವರಲ್ಲ. ದಂಡೆಯ ಮೇಲೆ ನಿಂತು ಈಜು ಹೇಳಿಕೊಡುವವರು ಎಲ್ಲ ಓಣಿಯಲ್ಲೂ ಇರುತ್ತಾರೆ.

ಸ್ಕ್ಯಾನ್ ದಿನ ತಾಳಿ, ಮೂಗುತಿ, ಕಾಲುಂಗುರ ಬಿಚ್ಚಿ ಅಕ್ಕನ ಕೈಗೆ ಕೊಟ್ಟೆ. ಮಲಗಿಸಿದರು. ಕುತ್ತಿಗೆ, ಮುಖದ ಮೇಲೆ ಕಾಯಿಲ್ ಎಂಬ ಪಂಜರದಂಥ ಚೌಕಟ್ಟು ಕೂಡಿಸಿದರು. ತಡೆಯಲಾಗದಿದ್ದರೆ ಒತ್ತಿರಿ ಎಂದು ಎಡಗೈಗೆ ರಬ್ಬರಿನ ಗುಂಡು ಕೊಟ್ಟರು. ಹಲಗೆ ಒಳಗೆ ಸರಿಯಿತು. ಮೂಗಿನ ಮುಂದೆಯೇ ಗೋಡೆ.

ಒತ್ತಿಬಿಟ್ಟೆ.

ಯಂತ್ರ ಇನ್ನೂ ಶುರುವೇ ಆಗಿರಲಿಲ್ಲ.

ಹೊರಗೆ ಬಂದು ಕುರ್ಚಿಯಲ್ಲಿ ಕುಳಿತು ಅತ್ತೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. "ಮನಿಗೆ ಹೋಗೂಣು ನಡಿ ಅಕ್ಕಾ" ಅಂದೆ. ಅಷ್ಟರಲ್ಲಿ ಟೆಕ್ನಿಷಿಯನ್ ಬಂದರು.

"ಜೊತಿಗೆ ಒಬ್ಬರು ಒಳಗ ಕೂಡಬಹುದ್ರಿ. ಮೈಮ್ಯಾಲೆ ಲೋಹ ಏನೂ ಇರಬಾರದು. ಕಾಲ ಹತ್ತರ ಕುಂತು ಪಾದ ಹಿಡಕೊಳ್ರಿ, ಅಮ್ಮಾರಿಗೆ ಧೈರ್ಯ ಬರ್ತೈತಿ."

ಪಾದ ಎಂದ ಕೂಡಲೇ ನಾನು ಬೇಡವೆಂದೆ. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಅಪ್ಪಿತಪ್ಪಿ ನನ್ನ ಕಾಲು ತಗುಲಿದರೂ ಅಕ್ಕ ಹುಬ್ಬು ಗಂಟು ಹಾಕುತ್ತಾಳೆ, ನಾನು ಎದ್ದು ಕೈಮುಗಿಯಬೇಕು. ಅಂಥವಳು ಆಗಲೇ ಬಗ್ಗಿ ತನ್ನ ಕಾಲುಂಗುರ ತಿರುವಿ ತಿರುವಿ ಎಳೆಯುತ್ತಿದ್ದಳು.

"ಹಿರೇತನ ಮನ್ಯಾಗ. ಇಲ್ಲೆ ನಿನ್ನ ಕಾಲಷ್ಟ ಹೊರಗ ಇರ್ತಾವಂತ. ನಾ ಏನು ಮಾಡ್ಲಿ?"

ಇಬ್ಬರ ಒಡವೆಯನ್ನೂ ಒಂದೇ ಕರವಸ್ತ್ರದಲ್ಲಿ ಗಂಟು ಕಟ್ಟಿ ಲಾಕರಿನಲ್ಲಿಟ್ಟಳು.

ಮತ್ತೆ ಮಲಗಿದೆ. ಅಕ್ಕ ಎರಡೂ ಪಾದ ಹಿಡಿದಳು. ಯಂತ್ರ ಬಡಿಯತೊಡಗಿತು. ಕಣ್ಣು ಮುಚ್ಚಿದೆ. ಆ ಸದ್ದಿಗೆ ತಾಳ ಸಿಕ್ಕಿತು. ಮನಸ್ಸಿನಲ್ಲೇ ರೊಟ್ಟಿ ಬಡಿಯಲು ಶುರು ಮಾಡಿದೆ. ಉಸಿರು ಹದಕ್ಕೆ ಬಂತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಸದ್ದು ನಿಂತಿತು.

"ಅಮ್ಮಾರ, ಕೈ ಯಾಕ ಅಲಗಸಾಕತ್ತೀರಿ?" ಮೈಕಿನಲ್ಲಿ ಟೆಕ್ನಿಷಿಯನ್ ದನಿ. "ಚಿತ್ರ ಕೆಟ್ಟಾವ್ರಿ. ಮತ್ತ ಮೊದಲಿಂದ ತೆಗೀಬೇಕು."

ಮನಸ್ಸಿನಲ್ಲಲ್ಲ, ತೊಡೆಯ ಮೇಲೇ ಬಡಿಯುತ್ತಿದ್ದೆ! ಅಕ್ಕ ಹಿಮ್ಮಡಿ ಚಿವುಟಿದಳು.

"ಇಲ್ಲೆ ಯಾರೂ ರೊಟ್ಟಿ ಕೇಳಿಲ್ಲ. ಸುಮ್ನ ಬಿದ್ಕೋ!"

ನಗು ಬಂತು, ಬಾಯಿ ಬಿಗಿಹಿಡಿದೆ. ಭಯ ಹೋಯಿತೆಂದು ಹೇಳಲಾರೆ, ಅದು ನನ್ನ ಮಗ್ಗುಲಲ್ಲೇ ಮಲಗಿತ್ತು. ಆದರೆ ನನ್ನ ಗಮನವನ್ನೆಲ್ಲ ಪಾದಕ್ಕೆ ಇಳಿಸಿದೆ. ಅಕ್ಕನ ಅಂಗೈ ಒರಟು, ಬೆಚ್ಚಗಿತ್ತು. ಮುಖ ಒಳಗಿದ್ದರೂ ಕಾಲು ಹೊರಗಿದೆ, ಹೊರಗೆ ನನ್ನವರಿದ್ದಾರೆ ಎಂದುಕೊಳ್ಳುತ್ತ ಉಸಿರಾಡಿದೆ. ಒಂದು ಸದ್ದು ಮುಗಿದು ಇನ್ನೊಂದು ಬಂತು. ಕೊನೆಗೆ ಹಲಗೆ ಹೊರಗೆ ಸರಿಯಿತು.

ಗಡ್ಡೆ ಇರಲಿಲ್ಲ.

ಡಿಸ್ಕ್ ಸರಿದು ನರ ಒತ್ತಿತ್ತು. ಸದ್ಯಕ್ಕೆ ಆಪರೇಷನ್ ಬೇಡ ಅಂದರು ಡಾಕ್ಟರು. ಕುತ್ತಿಗೆಗೆ ಕಾಲರ್, ಮಾತ್ರೆ, ಫಿಸಿಯೋಥೆರಪಿ ನಡೆದಿದೆ. ಬೆರಳುಗಳಲ್ಲಿ ಈಗ ಜುಮುಜುಮು ಶುರುವಾಗಿದೆ, ಒಳ್ಳೆಯ ಲಕ್ಷಣವಂತೆ. ಬಡಿಯುವುದನ್ನು ಅಕ್ಕ ನೋಡಿಕೊಳ್ಳುತ್ತಾಳೆ, ನಾನು ರೊಟ್ಟಿ ಕಟ್ಟಿ ಕೊಡುತ್ತೇನೆ, ತೆಳುವಾಗಲಿಲ್ಲ ಎಂದು ತಪ್ಪು ಹುಡುಕುತ್ತೇನೆ. ಪೂರ್ತಿ ವಾಸಿಯಾಗುತ್ತದೆಂದು ಯಾರೂ ಹೇಳಿಲ್ಲ. ನಾನೂ ಒತ್ತಾಯಿಸಿ ಕೇಳುವುದಿಲ್ಲ. ಸಿಕ್ಕಷ್ಟಕ್ಕೆ ದೇವರಿಗೆ ಕೈಮುಗಿಯುತ್ತೇನೆ.

ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಎಂ.ಆರ್.ಐ. ಮಾಡಿಸಬೇಕಂತೆ. ನಿನ್ನೆ ಚಹಾ ಕುಡಿಯುವಾಗ ಆ ಮಾತು ಬಂತು.

"ಅಕ್ಕಾ, ನಿನ್ನ ಕೈಲೆ ಕಾಲು ಹಿಡಿಸಿಕೊಂಡೆ. ಆ ಪಾಪ ಎಲ್ಲೆ ಕಳಕೊಳ್ಳಲಿ?"

ಅಕ್ಕ ಬಸಿಯಲ್ಲಿನ ಚಹಾ ಊದಿದಳು.

"ನಿನ್ನ ಸಲುವಾಗಿ ಹಿಡದಿದ್ನಿ ಅಂತ ತಿಳದೀಯೇನು? ಆ ಸಪ್ಪಳಕ್ಕ ನನ್ನ ಎದಿ ಒಡದಂಗ ಆಗಿತ್ತು. ನಾ ಎದ್ದು ಓಡಬಾರದಂತ ಗಟ್ಟಿ ಹಿಡದಿದ್ನಿ."

ನನ್ನ ಕಣ್ಣು ತುಂಬಿದವು.

"ಹಂಗಾರ ಈ ಸಲ ಬರೂದಿಲ್ಲೇನು?"

"ಬರದ ಬಿಡ್ತೇನೇನು?" ಅಂದಳು ಅಕ್ಕ. "ಆದರ ಈ ಸಲರೆ ಕಾಲು ತೊಳಕೊಂಡು ಬಾ."