ವೆಂಕೋಬನ ಬಣ್ಣದ ಬಾಗಿಲು

ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದ ವೆಂಕೋಬ, ಹೊಲಿದು ಹೊಲಿದು ಒಂದು ದಿನ ಮರೆತು ತನ್ನ ಬಾಯಿಯನ್ನೂ ಹೊಲಿದುಕೊಂಡ ಎಂದು ಓಣಿಯವರು ಹೇಳುತ್ತಿದ್ದರು. ತೀರಾ ಸುಳ್ಳೇನಲ್ಲ. ಅವನು ಒಂದು ಮಾತಾಡಿ ಇನ್ನೊಂದು ಮಾತಾಡುವುದರೊಳಗೆ ಕಾಲುವೆಗೆ ನೀರು ಬಂದು, ಭತ್ತ ನಾಟಿಯಾಗಿ, ಕೊಯ್ಲೂ ಮುಗಿದಿರುತ್ತಿತ್ತು.

ಮಾತಾಡಲಿಕ್ಕೆ ಜನ ಬೇಕಲ್ಲ? ಮನೆಯೇ ಹಾಗಿತ್ತು. ಅವನ ಮುತ್ತಜ್ಜ ಕಟ್ಟಿಸಿದಾಗ ಬಾಗಿಲ ಮುಂದೆ ದಾರಿಯಿತ್ತು. ಆಮೇಲೆ ಆ ದಾರಿಯ ಮೇಲೆಯೇ ಮನೆಗಳೆದ್ದವು; ಹೊಸ ರಸ್ತೆ ಹಿಂಬದಿಗೆ ಬಂತು. ಈಗ ಬಾಗಿಲು ತೆರೆದರೆ ಗಟಾರದ ಸಂದಿ. ಅದರಲ್ಲಿ ಬೆಕ್ಕು ಹೋಗಬೇಕಾದರೂ ಉಸಿರು ಬಿಗಿಹಿಡಿಯಬೇಕು. ರಸ್ತೆಯ ಕಡೆಗಿದ್ದದ್ದು ಬೋಳು ಗೋಡೆ. ಹರೆಯದಲ್ಲಿ ಅವನಿಗೆ ಹೆಣ್ಣು ಕೊಡಲು ಮರಳಿ ಎಂಬ ಊರಿನಿಂದ ಬಂದವರು ಆ ಗೋಡೆಯ ಸುತ್ತ ಅಲೆದು, ಬಾಗಿಲು ಸಿಗದೆ, ಬಿಸಿಲಿಗೆ ಬೇಸತ್ತು ಪಕ್ಕದ ಮನೆಯ ಹುಡುಗನಿಗೇ ಹೆಣ್ಣು ಗೊತ್ತುಮಾಡಿ ಹೋದರಂತೆ. ಆಮೇಲೆ ಯಾರೂ ಬರಲಿಲ್ಲ. ವೆಂಕೋಬನಿಗೆ ಅರವತ್ತು ದಾಟಿತು, ಮಿಲ್ಲಿಗೆ ಹೊಲಿಯುವ ಮಷೀನು ಬಂತು, ಅವನು ಮನೆಯೊಳಗೆ ಕೂತ.

೨೦೧೮ರಲ್ಲಿ ಚಿತ್ರ ಕಲಿಯುವ ಹುಡುಗಿಯರು ಊರ ಗೋಡೆಗಳಿಗೆ ಬಣ್ಣ ಹಚ್ಚಲು ಬಂದರು. ಅವರ ಮುಂದಾಳು ಕವಿತಾ ಸಂದಿಯಲ್ಲಿ ಅಡ್ಡಡ್ಡ ನಡೆದು ಬಂದು ಕೇಳಿದಳು.

“ಅಜ್ಜಾರ, ನಿಮ್ಮ ಹಿಂದಿನ ಗ್ವಾಡಿಗೆ ಏನ್ ಬರೀಲಿರಿ? ನವಿಲೋ, ಹನುಮಪ್ಪನೋ?”

ವೆಂಕೋಬ ಭಾರಿ ಯೋಚನೆ ಮಾಡಿ, “ಆ ಕಡಿ ಬಾಗಿಲಿಲ್ಲ ನೋಡವ್ವ,” ಎಂದ.

ಅವಳು ಬಾಗಿಲನ್ನೇ ಬರೆದಳು. ಎರಡು ಕದ, ಹಿತ್ತಾಳೆಯ ಚಿಲಕ, ಅರಿಸಿನ ಬಳಿದ ಹೊಸ್ತಿಲು, ಮೇಲೆ ಮಾವಿನ ತೋರಣ. ಎಂಥ ಬಾಗಿಲೆಂದರೆ, ಚೌಕಟ್ಟು ತಿನ್ನಲು ಬಂದ ಗೆದ್ದಲು ಉಪವಾಸ ಸತ್ತವು. ತೋರಣಕ್ಕೆ ಆಸೆಪಟ್ಟ ಆಡೊಂದು ಹಿಂಗಾಲ ಮೇಲೆ ನಿಂತು ನಿಂತು, ಕೊನೆಗೆ ಹಾಗೆಯೇ ನಡೆಯಲು ಕಲಿತಿತು. ಓಟು ಕೇಳಲು ಬಂದವರು ಬಾಗಿಲಿಗೆ ಕೈಮುಗಿದರು. ಅದು ಎದುರಾಡಲಿಲ್ಲವಾದ್ದರಿಂದ ಈ ಮನೆಯ ಓಟು ನಮ್ಮದೇ ಎಂದು ಖುಷಿಯಿಂದ ಹೋದರು.

ಓಣಿಗೆ ಹುಚ್ಚು ಹಿಡಿಯಿತು. ಆ ಗೋಡೆಗೆ ಎಲೆಅಡಿಕೆ ಉಗುಳದೆ ಮುಂದೆ ಹೋಗದಿದ್ದ ಕಿರಾಣಿ ಅಂಗಡಿಯ ವಿರುಪಣ್ಣ ಉಗುಳು ನುಂಗತೊಡಗಿದ. ಬಳೆ ಮಾರುವ ಹಸನಬೀ ತನ್ನ ತಳ್ಳುಗಾಡಿಯನ್ನು ಪಕ್ಕದಲ್ಲೇ ನಿಲ್ಲಿಸಿ ಕಾವಲಿಗೆ ನಿಂತಳು. ಪರೀಕ್ಷೆಗೆ ಹೊರಟ ಮಕ್ಕಳು, ಕೋರ್ಟಿಗೆ ಹೊರಟವರು, ಹೆಣ್ಣು ನೋಡಲು ಹೊರಟವರು, ಎಲ್ಲರೂ ಹೋದ ಕೆಲಸ ಆಗಲಿ ಎಂದು ಅದನ್ನೊಮ್ಮೆ ಬಡಿದು ಹೋಗುವುದು ರೂಢಿಯಾಯಿತು.

ಒಳಗೆ ವೆಂಕೋಬನ ಮಂಚ ಆ ಗೋಡೆಗೇ ಹತ್ತಿಕೊಂಡಿತ್ತು. ಮೊದಲ ಸಲ ಟಕ್ ಟಕ್ ಕೇಳಿದಾಗ ಅವನು ಅಂಗಿ ತೊಟ್ಟು, ಸಂದಿ ನುಸುಳಿ, ಮನೆಗಳನ್ನು ಬಳಸಿಕೊಂಡು ಓಡಿ ಬಂದ. ಯಾರೂ ಇರಲಿಲ್ಲ. ಮರಳಿ ಹೋಗಿ ಕೂತರೆ ಮತ್ತೆ ಟಕ್ ಟಕ್. ಹೀಗೆ ಓಡಿ ಓಡಿ ಚಪ್ಪಲಿ ಸವೆದು ಎಲೆಯಾದವು. ಸಿಟ್ಟು ಮಾತ್ರ ಬರಲಿಲ್ಲ. ಇಷ್ಟು ಜನ ಬಡಿಯುತ್ತಾರೆ, ತೆರೆಯಲು ಕದವೊಂದಿದ್ದರೆ ಒಬ್ಬರಾದರೂ ಒಳಗೆ ಬಂದಾರು ಎಂದುಕೊಂಡ. ಗೌಂಡಿ ಹುಸೇನಬಾಷಾನನ್ನು ಕರೆತಂದ.

ಉಳಿ ಗೋಡೆಗೆ ತಾಗುವ ಮೊದಲೇ ಓಣಿ ಸೇರಿತು.

“ಬಾಗಿಲಾ ಒಡದು ಬಾಗಿಲಾ ಮಾಡ್ತೀಯೇನೋ ವೆಂಕೋಬ? ತಲಿ ನೆಟ್ಟಗೈತಿಲ್ಲೋ?” ಎಂದ ವಿರುಪಣ್ಣ.

“ನನ್ನ ಗ್ವಾಡಿ ಐತಲ್ಲಪಾ.”

“ಗ್ವಾಡಿ ನಿಂದು. ಬಾಗಿಲಾ ಓಣಿದು. ನನ್ನ ಮಗಳ ಲಗ್ನದ ಫೋಟೋ ಇದರ ಮುಂದನ ತಗಸಬೇಕಂತ ಮಾಡೇನಿ.”

ಹುಸೇನಬಾಷಾ ಬೀಡಿ ಹಚ್ಚಿದ. “ಲಗೂ ತೀರ್ಮಾನ ಮಾಡ್ರಿಪಾ. ನಾ ಇನ್ನೊಂದು ಕಡಿ ಹೋಗೋದೈತಿ.”

ಹಸನಬೀ ಮೆತ್ತಗೆ ಕೇಳಿದಳು. “ಬ್ಯಾಸರ ಮಾಡ್ಕೋಬ್ಯಾಡ ವೆಂಕೋಬಣ್ಣ. ನಿನ್ನ ಮನಿಗೆ ಬರೋರು ಯಾರದಾರ? ಬಾಗಿಲಾ ತಗೊಂಡು ಏನ್ ಮಾಡ್ತಿ?”

“ಬಡೀತಾರಲ್ಲ ತಂಗಿ,” ಎಂದ ವೆಂಕೋಬ. “ದಿನಾ ಬಡೀತಾರ.”

ಚಿತ್ರದ ಹಿಂದೊಂದು ಮನೆಯಿದೆ, ಅದರೊಳಗೆ ಇವನಿದ್ದಾನೆ ಎಂಬುದು ಆಗಷ್ಟೇ ತಿಳಿದವನಂತೆ ವಿರುಪಣ್ಣ ನೆಲ ನೋಡಿದ. “ಒಡೀಪಾ,” ಎಂದು ಹಸನಬೀಯೇ ಗಾಡಿ ಸರಿಸಿದಳು.

ಬಣ್ಣದ ಬಾಗಿಲಿದ್ದ ಜಾಗದಲ್ಲೇ ಮರದ ಬಾಗಿಲು ಕೂತಿತು. ಕವಿತಾ ಮತ್ತೆ ಬಂದು ಮೊದಲಿನಂತೆಯೇ ಬಣ್ಣ ಹಚ್ಚಿಕೊಟ್ಟಳು. ವೆಂಕೋಬ ಚಹಾಕ್ಕೆಂದು ಹೊಸ ಕಪ್ಪುಬಸಿ ತಂದಿಟ್ಟ, ಮಂಡಕ್ಕಿಗೆ ಒಗ್ಗರಣೆ ಹಾಕಿದ, ಕದದ ಹಿಂದೆ ಕೂತ.

ಟಕ್ಕೆಂದು ಒಂದು ಸಪ್ಪಳವೂ ಆಗಲಿಲ್ಲ. ಬಡಿಯಲು ಕೈಯೆತ್ತಿದವರು, ಒಳಗಿಂದ ತೆರೆದುಬಿಟ್ಟರೆ ಏನು ಹೇಳುವುದೆಂದು ತೋಚದೆ ಕೈ ಇಳಿಸಿದರು. ನಿಜವಾದ ಬಾಗಿಲು ಬಡಿಯಲು ಏನಾದರೂ ಕೆಲಸವಿರಬೇಕು. ವೆಂಕೋಬನ ಹತ್ತಿರ ಯಾರಿಗೇನು ಕೆಲಸ? ಕದ ತೆರೆದಿಟ್ಟು ನೋಡಿದ. ಮಂಚ, ಸ್ಟೋವು, ಹಗ್ಗದ ಮೇಲಿನ ಪಟ್ಟಾಪಟ್ಟಿ ಚಡ್ಡಿ ರಸ್ತೆಗೆಲ್ಲ ಕಂಡು, ಹೆಂಗಸರು ಮರ್ಯಾದೆಯಿಂದ ಮುಖ ತಿರುಗಿಸಿ ದಾಟಿದರು. ಮತ್ತೆ ಮುಚ್ಚಿ ಕಾದ. ಅವನು ಕಾದಷ್ಟು ಹೊತ್ತಿನಲ್ಲಿ ತುಂಗಭದ್ರೆ ಸಮುದ್ರಕ್ಕೆ ಹೋಗಿ, ಬೇಸರವಾಗಿ ವಾಪಸು ಬರಬಹುದಿತ್ತು. ಬಾಗಿಲು ನೋಡುವ ಜನ ಕಡಿಮೆಯಾಗಿ, ಹಸನಬೀಯೂ ಗಾಡಿ ತಳ್ಳಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಒಂದು ಮಧ್ಯಾಹ್ನ ಅವನೇ ಅಂಗಿ ತೊಟ್ಟು ಹೊರಗೆ ಬಂದ. ಕದ ಎಳೆದುಕೊಂಡು ಚಿಲಕ ಹಿಡಿದು ಟಕ್ ಟಕ್ ಎಂದು ಬಡಿದ. ಆ ಸಪ್ಪಳ ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಬಡಿದ. ಹನುಮನಹಳ್ಳಿಯ ಬಸ್ಸು ಹಿಡಿಯಲು ಹೊರಟಿದ್ದ ಪರವೂರ ಹೆಂಗಸೊಬ್ಬಳು, ಕಂಕುಳ ಗಂಟು ಸರಿಪಡಿಸುತ್ತ ನಿಂತಳು.

“ಮನ್ಯಾಗ ಯಾರೂ ಇಲ್ಲೇನ್ರಿ ಯಜ್ಜಾ?”

“ಒಬ್ಬಾವ ಇದ್ದ ನೋಡವ್ವ,” ಎಂದ ವೆಂಕೋಬ. “ಹೊರಗ ಹೋಗ್ಯಾನ.”

“ಬರ್ತಾನ ತಗೋರಿ. ಬಿಸಲಾಗ ಯಾಕ ನಿಂದರ್ತೀರಿ, ಕುಂದರ್ರಿ,” ಎಂದು ಅವಳು ನಡೆದಳು.

ವೆಂಕೋಬ ಹೊಸ್ತಿಲ ಮೇಲೆ ಕೂತ.