ಬುಡದಿಂದ ಒಂದು ಗೇಣು

ನೆನೆದ ಭತ್ತದ ಹುಲ್ಲಿನ ವಾಸನೆ ಬಂದರೆ ಸೊರಬದ ಕಡೆಯ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಹಿತ್ತಲು ನೆನಪಾಗುತ್ತದೆ. ದೊಡ್ಡಮ್ಮನ ಕೈಗುಣ ಒಳ್ಳೆಯದೆಂದು ಅಕ್ಕಪಕ್ಕದವರು ಸಸಿ ನೆಡಲು ಅವಳನ್ನೇ ಕರೆಯುತ್ತಿದ್ದರು. ಕರೆದರೆ ಸಾಕು, ಬಳೆಗಳನ್ನು ಮೇಲಕ್ಕೇರಿಸಿಕೊಂಡು ಹೊರಟುಬಿಡುವಳು.

ಒಮ್ಮೆ ತನ್ನ ಹಿತ್ತಲಲ್ಲೇ ಮೂರು ಚಿಕ್ಕು ಸಸಿ ನೆಟ್ಟಳು. ಮಳೆ ಮುಗಿದ ಮೇಲೆ ಅವುಗಳ ಸುತ್ತ ಕಳೆ ಕಿತ್ತು ಹುಲ್ಲು ಹೊದಿಸುವ ಕೆಲಸವನ್ನು ನನಗೆ ಹೇಳಿದಳು.

“ಬುಡಕ್ಕೆ ತಾಗಿಸಬ್ಯಾಡ ಕಣೆ, ಒಂದು ಗೇಣು ಬಿಡು. ಗೆದ್ಲು ಹತ್ತತ್ತೆ.”

ನನಗೆ ಅರ್ಧ ಓದಿಟ್ಟ ಕತೆ ಮುಗಿಸುವ ಅವಸರ. ಕಳೆ ಕೀಳಲೇ ಇಲ್ಲ. ಅದು ಕಾಣದಿರಲೆಂದು ಹುಲ್ಲನ್ನು ಕಾಂಡಕ್ಕೇ ಒತ್ತಿ ಬಂದೆ.

ಬೇಸಿಗೆಗೆ ಮೂರೂ ಒಣಗಿದವು. ಗೆದ್ದಲು ತಿಂದ ಸಸಿಯನ್ನು ಕೈಯಲ್ಲಿ ಹಿಡಿದು ದೊಡ್ಡಮ್ಮ ಕೇಳಿದಳು, “ಗೇಣು ಬಿಟ್ಟಿದ್ದೆ ತಾನೆ?”

“ಹೂಂ.”

“ಹಂಗಾರೆ ನನ್ನ ಕೈಯೇ ಕೆಟ್ಟಿತು ಬಿಡು.”

ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ನಕ್ಕಳು: “ಏನ್ರೀ ಅಕ್ಕಾ, ಕೈಗುಣಕ್ಕೂ ವಯಸ್ಸಾತಾ?” ದೊಡ್ಡಮ್ಮ ನಗಲಿಲ್ಲ. ಆಮೇಲೆ ಯಾರು ಕರೆದರೂ ಅವಳು ಸಸಿ ನೆಡಲು ಹೋಗಲಿಲ್ಲ.

ಮೊನ್ನೆ ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದಳು. ಹಿತ್ತಲಿಗೆ ಕರೆದೊಯ್ದು ಮಾವಿನ ಸಸಿಯನ್ನು ಅವಳ ಕೈಗೆ ಕೊಟ್ಟೆ.

“ನೀನೇ ನೆಡು ಮಾರಾಯ್ತಿ. ನನ್ನ ಕೈಯಾಗೆ ಬದುಕಲ್ಲ,” ಎಂದು ಹಿಂದಕ್ಕೆ ಕೊಟ್ಟಳು.

ನಾನೇ ನೆಟ್ಟು, ಕಳೆ ತೆಗೆದು, ಬುಡದಿಂದ ಒಂದು ಗೇಣು ಬಿಟ್ಟು ಹುಲ್ಲು ಹರಡಿದೆ. ದೊಡ್ಡಮ್ಮ ಬಗ್ಗಿ ನೋಡಿದಳು.

“ಆಗ್ಲೂ ನೀನು ಹಿಂಗೇ ಬಿಟ್ಟಿದ್ದೆ, ಪಾಪ.”

ಈ ಸಲವೂ ನಾನು ಹೂಂ ಎಂದೆ.