ನಾನು ಬೇಡವೆಂದ ನಾಲ್ಕು ಸಾಲು

ನಾನು ತಮಿಳು ಕಲಿತದ್ದು ನಲ್ಲಿಯ ಸಾಲಿನಲ್ಲಿ. ರಾಜಗೋಪಾಲನಗರದ ನಮ್ಮ ವಠಾರದಲ್ಲಿ ಒಂಬತ್ತು ಮನೆಗಳಿಗೆ ಒಂದೇ ನಲ್ಲಿ, ನೀರು ಬರುತ್ತಿದ್ದುದು ದಿನ ಬಿಟ್ಟು ದಿನ. ಸೇಲಂ ಕಡೆಯ ಅಕ್ಕನೊಬ್ಬಳು ತನ್ನ ಕೊಡವನ್ನು ನನ್ನ ಕೊಡದ ಮುಂದಕ್ಕೆ ನೂಕಿ ಏನೋ ಅಂದಾಗ, ಅವಳ ಮಾತಿನಲ್ಲೇ ಅವಳಿಗೆ ಎದುರುತ್ತರ ಕೊಡಬೇಕೆಂಬ ಹಟ ನನ್ನಲ್ಲಿ ಹುಟ್ಟಿತು. ತೆಲುಗು ಬಂದದ್ದು ಎದುರುಮನೆಯ ಅಜ್ಜಿಯ ಕಾಲು ಒತ್ತುತ್ತಾ, ಉರ್ದು ಬಂದದ್ದು ಪಕ್ಕದ ಮನೆಯ ಮಗುವನ್ನು ಆಡಿಸುತ್ತಾ. ಲಿಪಿಗಳನ್ನು ಕಲಿಸಿದ್ದು ದಿನಸಿ ಅಂಗಡಿಯ ಪೊಟ್ಟಣಗಳು. ಬೇಳೆ ಡಬ್ಬಿಗೆ ಹೋದ ಮೇಲೆ ಉಳಿಯುವ ಹಳೆಯ ಪತ್ರಿಕೆಯ ತುಂಡುಗಳನ್ನು ನೀವಿ, ವಠಾರದವರ ಬೆನ್ನು ಹತ್ತಿ ಓದಿಸಿಕೊಳ್ಳುತ್ತಿದ್ದೆ. ನೀವು ನಗಬಹುದು. ಜಗಳವಾಡುವಷ್ಟು ಬಂದರೆ ಆ ಭಾಷೆ ಬಂದಂತೆಯೇ ಎಂಬುದು ಇಂದಿಗೂ ನನ್ನ ಅಳತೆಗೋಲು.

ಇಷ್ಟೆಲ್ಲ ಬರುವವಳಿಗೆ ಸ್ವಲ್ಪ ಕೊಂಬು ಮೂಡಿತ್ತೆಂದರೆ ಆಶ್ಚರ್ಯವಿಲ್ಲ. ಅದರ ಮೇಲೆ ಇಂಗ್ಲಿಷ್ ಟೈಪಿಂಗ್ ಬೇರೆ ಪಾಸು ಮಾಡಿಕೊಂಡೆ. ತೊಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ತಗಡನ್ನು ಪ್ರೆಸ್ಸಿಗೆ ಕೊಟ್ಟು ಬಿಡಿಭಾಗಗಳನ್ನು ಒತ್ತಿ ತೆಗೆಯುವ ಕಾರ್ಖಾನೆ ಅದು. ಅಲ್ಲೊಂದು ಶಿಫ್ಟ್ ಪುಸ್ತಕವಿತ್ತು. ಕೆಲಸ ಮುಗಿಸಿ ಹೋಗುವವನು ತನ್ನ ಯಂತ್ರ ಹೇಗಿದೆಯೆಂದು ಅದರಲ್ಲಿ ಬರೆದು ಸಹಿ ಹಾಕಬೇಕು, ಮುಂದಿನ ಪಾಳಿಯವನು ಅದನ್ನು ನೋಡಿಕೊಂಡು ಕೆಲಸಕ್ಕೆ ನಿಲ್ಲಬೇಕು, ಮಾರನೆಯ ದಿನ ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿ ಮೇಲಿನವರಿಗೆ ಕಳಿಸಬೇಕು.

ಒಂದು ದಿನ ಶರಣಪ್ಪನವರು ಆ ಪುಸ್ತಕದಲ್ಲಿ ಕನ್ನಡದ ನಾಲ್ಕು ಸಾಲು ಬರೆದಿದ್ದರು. ರಾಯಚೂರಿನ ಕಡೆಯಿಂದ ಬಂದು ಪ್ರೆಸ್ ಆಪರೇಟರ್ ಆಗಿದ್ದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಎಣ್ಣೆ ಎಲ್ಲಿ ಸೋರುತ್ತಿದೆ, ಸದ್ದು ಎಲ್ಲಿಂದ ಬರುತ್ತಿದೆ ಎಂದೆಲ್ಲ ಅವರು ಆಡುವ ಮಾತಿನಲ್ಲೇ ಬರೆದಿದ್ದರು. ಅದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಸೋಮಾರಿತನ. ಪುಸ್ತಕವನ್ನು ಅವರ ಮುಂದೆ ಹಿಡಿದು, "ಇದೇನ್ರೀ ಪುರಾಣ? ಇಂಗ್ಲಿಷ್ ಬಂದ್ರೆ ಬರೀರಿ, ಇಲ್ಲಾಂದ್ರೆ ಸುಮ್ನೆ ಓಕೆ ಅಂತ ಹಾಕ್ಬಿಡಿ" ಅಂದೆ. ಅವರು ತಲೆಯಾಡಿಸಿ ಹೋದರು. ಅಲ್ಲಿಂದಾಚೆ ಪುಸ್ತಕದ ತುಂಬ ಓಕೆಗಳೇ. ನನ್ನ ಟೈಪಿಂಗ್ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು, ನಾನು ಖುಷಿಯಾಗಿದ್ದೆ.

ಒಂದು ತಿಂಗಳಾಗಿರಬೇಕು. ಶರಣಪ್ಪನವರ ಪ್ರೆಸ್ಸು ಅವರ ಪಾಳಿಯ ಕೊನೆಗೆ ಹಟ ಹಿಡಿಯಿತು. ಪೆಡಲನ್ನು ಒಮ್ಮೆ ತುಳಿದರೆ ಎರಡು ಸಲ ಬಡಿಯತೊಡಗಿತು. ಮುಂದಿನ ಪಾಳಿಯ ಮುರುಗನ್, ಧರ್ಮಪುರಿಯಿಂದ ಹೊಸದಾಗಿ ಬಂದ ಹುಡುಗ, ಅಂದು ತಡ ಮಾಡಿದ್ದ. ಶರಣಪ್ಪನವರು ಕೈ ಒರೆಸುವ ಬನಿಯನ್ ಬಟ್ಟೆಯ ತುಂಡೊಂದನ್ನು ಪ್ರೆಸ್ಸಿಗೆ ಬಿಗಿಯಾಗಿ ಕಟ್ಟಿ, ಪುಸ್ತಕದಲ್ಲಿ ಓಕೆ ಬರೆದು ಬಸ್ಸು ಹಿಡಿದರು. ಅವರ ಹಿಂದಿನ ಕಾರ್ಖಾನೆಯಲ್ಲಿ ಬಟ್ಟೆ ಕಟ್ಟಿದ ಯಂತ್ರವನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ. ನಮ್ಮಲ್ಲಿ ಆ ರೂಢಿ ಇರಲಿಲ್ಲ. ಮುರುಗನ್ ಪುಸ್ತಕ ನೋಡಿದ, ಓಕೆ ಇತ್ತು. ಪ್ರೆಸ್ಸಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈ ಒರೆಸಿಕೊಂಡ, ಪೆಡಲ್ ತುಳಿದ. ಎರಡನೆಯ ಏಟಿಗೆ ಅವನ ಬಲಗೈಯ ಎರಡು ಬೆರಳ ತುದಿ ಜಜ್ಜಿಹೋಯಿತು.

ವಿಚಾರಣೆ ನಡೆಯಿತು. ಮ್ಯಾನೇಜರರಿಗೆ ಶರಣಪ್ಪನವರ ರಾಯಚೂರು ಮಾತು ಅರ್ಥವಾಗದು, ಇವರಿಗೆ ಅವರ ಇಂಗ್ಲಿಷ್ ಅರ್ಥವಾಗದು. ತರ್ಜುಮೆಗೆ ನಾನೇ. ಯಂತ್ರ ಕೆಟ್ಟದ್ದು ಗೊತ್ತಿದ್ದೂ ಓಕೆ ಏಕೆ ಬರೆದಿರಿ ಎಂಬ ಪ್ರಶ್ನೆಯನ್ನು ನನ್ನ ಬಾಯಲ್ಲೇ ಕೇಳಬೇಕಾಯಿತು. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅಂದೇ ಅವರ ಕೆಲಸ ಹೋಗುತ್ತಿತ್ತು. ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ನೆಲ ನೋಡುತ್ತಾ, "ನಂಗ ಅಷ್ಟ ಬರೀಲಿಕ್ಕೆ ಬರ್ತದ್ರಿ" ಅಂದರು.

ನನ್ನ ಹೆಸರು ಹೇಳಲಿಲ್ಲ. ಆ ವಾಕ್ಯವನ್ನು ಇದ್ದಂತೆಯೇ ಇಂಗ್ಲಿಷಿಗೆ ತಿರುಗಿಸಿ ಕೂತಿದ್ದರೆ ನನ್ನ ಕುರ್ಚಿ ಭದ್ರವಾಗಿರುತ್ತಿತ್ತು. ನಿಜ ಮುಚ್ಚಿಡಲು ಹೊರಟ ಮನಸ್ಸಿಗೆ ಬಾಯಿ ಜೊತೆ ಕೊಡಲಿಲ್ಲ. ಇವರು ನಾಲ್ಕು ಸಾಲು ಬರೆಯುತ್ತಿದ್ದರು, ಬೇಡವೆಂದದ್ದು ನಾನು, ಓಕೆ ಹಾಕಿ ಎಂದು ಕಲಿಸಿದ್ದೂ ನಾನು ಎಂದುಬಿಟ್ಟೆ. ಮ್ಯಾನೇಜರರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿ ಆ ಕನ್ನಡದ ಸಾಲುಗಳನ್ನು ನೋಡಿದರು. ಕೊನೆಗೆ ತಮ್ಮ ಹರಕು ಕನ್ನಡದಲ್ಲೇ ನನಗೆ ಹೇಳಿದರು: "ನಾಳೆಯಿಂದ ಯಾರಿಗೆ ಯಾವ ಭಾಷೆ ಬರುತ್ತೋ ಅದ್ರಲ್ಲೇ ಬರೀಲಿ. ಓದೋದು, ಓದೋಕೆ ಕಲ್ಸೋದು ನಿಮ್ಮ ಜವಾಬ್ದಾರಿ." ಇಬ್ಬರ ಕೆಲಸವೂ ಉಳಿಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಶರಣಪ್ಪನವರು ನನ್ನ ಮೇಜಿನ ಬಳಿ ಬಂದು ನಿಂತರು. ಬೈಯಲಿಕ್ಕೆ ಬಂದಿದ್ದಾರೆ, ಬೈಸಿಕೊಳ್ಳೋಣ ಎಂದು ನಾನು ಎದ್ದು ನಿಂತೆ. ಅವರು ಕೇಳಿದ್ದೇ ಬೇರೆ. "ಅಕ್ಕಾರ, ಕೈ ಇಡಬ್ಯಾಡ ಅಂತ ತಮಿಳಿನ್ಯಾಗ ಹೆಂಗ ಬರೀತಾರ್ರಿ?"

ಬರೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬರೇ ಇಷ್ಟ ಬರದ್ರ ಬೈದಂಗ ಆಗ್ತದ್ರಿ. ಕಡೀಗೆ ತಮ್ಮಾ ಅಂತ ಹಾಕ್ರಿ" ಅಂದರು. ತಂಬಿ ಎಂದು ಸೇರಿಸಿದೆ. ಎಂಟು ದಿನ, ಊಟದ ಡಬ್ಬಿ ಮುಚ್ಚಿದ ಮೇಲೆ, ಆ ದೊಡ್ಡ ಕೈಯಲ್ಲಿ ಬಳಪ ಹಿಡಿದು ಆ ಅಕ್ಷರಗಳನ್ನು ತಿದ್ದಿದರು. ಅವರೇ ನನ್ನ ಮೊದಲ ವಿದ್ಯಾರ್ಥಿ. ಆಮೇಲೆ ಉಳಿದವರೂ ಕಲಿಯಲು ಒಬ್ಬೊಬ್ಬರಾಗಿ ಬಂದು ಕ್ಯಾಂಟೀನಿನ ಬೆಂಚು ತುಂಬಿದರು. ಆ ಅರ್ಧ ಗಂಟೆಯ ಆಸೆಗೆ ಉಳಿದ ಏಳು ಗಂಟೆ ಟೈಪು ಮಾಡುತ್ತಿದ್ದೇನೆಂದು ತಿಳಿದ ಮೇಲೆ ಸಂಜೆ ಕಾಲೇಜೊಂದಕ್ಕೆ ಸೇರಿದೆ, ಓದಿ ಮುಗಿಸಿ ಮೇಷ್ಟರ ಕೆಲಸಕ್ಕೆ ಬಂದೆ. ಭಾಷೆಗಳು ನನಗೆ ಚಿಕ್ಕಂದಿನಿಂದಲೂ ಇಷ್ಟ. ಭಾಷೆಯಾಡುವವರ ಮೇಲೆ ಗೌರವ ಬಂದದ್ದು ಮಾತ್ರ ಅಲ್ಲಿ. ಅದಕ್ಕಾಗಿ ಆ ಮನುಷ್ಯನಿಗೆ ನಾನು ಕೈಮುಗಿಯದ ದಿನವಿಲ್ಲ.

ಮುರುಗನ್ ಗಾಯ ಮಾಗಿ ತಿಂಗಳ ಮೇಲೆ ಕೆಲಸಕ್ಕೆ ಮರಳಿದ. ಪ್ರೆಸ್ಸಿನ ಪಕ್ಕದ ಮೊಳೆಗೆ ಒಂದು ತಗಡಿನ ಫಲಕ ನೇತಾಡುತ್ತಿತ್ತು, ಯಂತ್ರ ಕೆಟ್ಟ ದಿನ ಅದರ ಮುಂದೆ ತೂಗುಬಿಡಲು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಅಂಕುಡೊಂಕಾದ ತಮಿಳು. ಅವನು ಅಕ್ಷರ ಅಕ್ಷರವಾಗಿ ಓದಿದ: "ಕೈ ವೈಕ್ಕಾದೇ, ತಂಬಿ." ಆಮೇಲೆ ಶರಣಪ್ಪನವರ ಕಡೆ ತಿರುಗಿ, "ಇದು ಎನಕ್ಕಾ, ಅಣ್ಣೇ?" ಅಂದ.

ಇದು ನನಗಾ ಎಂದು ಕೇಳುತ್ತಿದ್ದಾನೆ ಅಂತ ಹೇಳಲು ನಾನು ಬಾಯಿ ತೆರೆದೆ. ಶರಣಪ್ಪನವರು ನನ್ನತ್ತ ನೋಡಲೂ ಇಲ್ಲ.

"ನಿನಗ ಅಲ್ದ ಮತ್ಯಾರಿಗೋ?" ಅಂದರು. ಮುರುಗನ್ ಕಣ್ಣೊರೆಸಿಕೊಂಡು ನಕ್ಕ.